ಸೀಟ್ ಬೆಲ್ಟ್: ಹೊಲಿದದ್ದು ಬೇಗ, ತೊಟ್ಟದ್ದು ತಡ

ಸ್ವೀಡನ್ ದೇಶದ ಸರ್ಕಾರಿ ವಿದ್ಯುತ್ ಸಂಸ್ಥೆಯ ಹೆಸರು ವ್ಯಾಟನ್‌ಫಾಲ್. ನದಿಗೆ ಅಣೆಕಟ್ಟು ಕಟ್ಟುವುದು, ಟರ್ಬೈನ್ ತಿರುಗಿಸುವುದು, ಕಾಡುಮೇಡುಗಳ ಮೇಲೆ ಹೈಟೆನ್ಷನ್ ತಂತಿ ಎಳೆಯುವುದು ಅದರ ಕಸುಬು. ಪ್ರಾಣಾಪಾಯದ ಕೆಲಸವೇ. 1950ರ ದಶಕದಲ್ಲಿ ಆ ಸಂಸ್ಥೆ ತನ್ನ ನೌಕರರ ಸಾವುಗಳನ್ನು ಪರಿಶೀಲಿಸಿದಾಗ, ಕೆಲಸದ ಮೇಲೆ ಕಾರಿನಲ್ಲಿ ಓಡಾಡುವವರು ರಸ್ತೆಯಲ್ಲಿ ಸಾಯುವುದು ಹೆಚ್ಚುತ್ತಲೇ ಇದ್ದದ್ದು ಕಣ್ಣಿಗೆ ಬಿತ್ತು. ಬೆಂಗ್ಟ್ ಓಡೆಲ್‌ಗಾರ್ಡ್ ಮತ್ತು ಪೆರ್-ಊಲೋಫ್ ವೇಮನ್ ಎಂಬ ಇಬ್ಬರು ಎಂಜಿನಿಯರುಗಳು ಇದನ್ನು ತಡೆಯುವ ಕೆಲಸಕ್ಕೆ ಕೈಹಾಕಿದರು. ಆಗ ಮಾರುಕಟ್ಟೆಯಲ್ಲಿದ್ದ ಸೀಟ್ ಬೆಲ್ಟ್ ಪಟ್ಟಿಗಳನ್ನು ತರಿಸಿ ಪರೀಕ್ಷಿಸಿ, ಕೊನೆಗೆ ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಎದೆಯ ಮೇಲೆ ಹಾಯುವ ಪಟ್ಟಿಯೊಂದನ್ನು ಸಿದ್ಧಪಡಿಸಿದರು.

ಅದೇ ಹೊತ್ತಿಗೆ ಅಮೆರಿಕದ ವಾಯುಪಡೆಯಲ್ಲೂ ಇಂಥದೇ ಸಂಗತಿ ಬಯಲಿಗೆ ಬಂದಿತ್ತು. ಜಾನ್ ಪಾಲ್ ಸ್ಟ್ಯಾಪ್ ಎಂಬ ವೈದ್ಯಾಧಿಕಾರಿ, ವಿಮಾನ ಹಠಾತ್ತನೆ ನಿಂತರೆ ಮನುಷ್ಯನ ದೇಹ ಎಷ್ಟು ತಡೆದೀತು ಎಂಬುದನ್ನು ತಿಳಿಯಲು ತನ್ನ ಮೈಯನ್ನೇ ಪ್ರಯೋಗಕ್ಕೊಡ್ಡುತ್ತಿದ್ದ. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದ ಹಾಲೋಮನ್ ವಾಯುನೆಲೆಯಲ್ಲಿ ಅವನನ್ನು ರಾಕೆಟ್ ಬಂಡಿಯೊಂದಕ್ಕೆ ಪಟ್ಟಿಗಳಿಂದ ಬಿಗಿದರು. ಬಂಡಿ ಹಳಿಯ ಮೇಲೆ ಗಂಟೆಗೆ 1,017 ಕಿಲೋಮೀಟರ್ ವೇಗ ಮುಟ್ಟಿ, ಒಂದೂವರೆ ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ನಿಂತಿತು. ಗುರುತ್ವದ 46 ಪಟ್ಟು ಬಲ ಮೈಮೇಲೆ ಬಿತ್ತು. ಕಣ್ಣೊಳಗಿನ ರಕ್ತನಾಳಗಳು ಒಡೆದು ಕೆಲಹೊತ್ತು ದೃಷ್ಟಿ ಹೋಯಿತು. ಆದರೆ ಸ್ಟ್ಯಾಪ್ ಬದುಕಿದ. ಮತ್ತೆ ಕಣ್ಣು ಕಂಡಿತು. ಸರಿಯಾಗಿ ಕಟ್ಟಿ ಕೂರಿಸಿದ ದೇಹ ವೈದ್ಯರು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು ಸಾಬೀತಾಯಿತು. ವಾಯುಪಡೆಯ ಕಡತಗಳನ್ನು ತಿರುವಿದ ಸ್ಟ್ಯಾಪ್‌ಗೆ ಇನ್ನೊಂದು ಸತ್ಯವೂ ಸಿಕ್ಕಿತು. ವಿಮಾನ ಅಪಘಾತದಲ್ಲಿ ಸಾಯುವುದಕ್ಕಿಂತ ಹೆಚ್ಚು ಮಂದಿ ಸಿಬ್ಬಂದಿ ರಜೆಯಲ್ಲೋ ಮನೆಗೆ ಹೋಗುವಾಗಲೋ ಕಾರು ಅಪಘಾತದಲ್ಲಿ ಸಾಯುತ್ತಿದ್ದರು. 1955ರಲ್ಲಿ ಅವನು ಕಾರು ತಯಾರಕರನ್ನೂ ವೈದ್ಯರನ್ನೂ ಸಂಶೋಧಕರನ್ನೂ ಹಾಲೋಮನ್‌ಗೆ ಕರೆಸಿ ಈ ವಿಷಯ ಮುಂದಿಟ್ಟ. ಕಾರು ಅಪಘಾತ ಕುರಿತ ಸಮ್ಮೇಳನ ಇಂದಿಗೂ ಅವನ ಹೆಸರಿನಲ್ಲೇ ನಡೆಯುತ್ತದೆ.

ಸೀಟ್ ಬೆಲ್ಟಿನ ಮೂಲಪುರುಷ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 1885ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಕ್ಲಾಗಾರ್ನ್ ಪಡೆದ ಪೇಟೆಂಟನ್ನು ಹಲವರು ಮೊದಲನೆಯದೆಂದು ಹೆಸರಿಸುತ್ತಾರೆ. ಆ ಪೇಟೆಂಟಿನಲ್ಲಿರುವುದು ಮನುಷ್ಯನನ್ನು ಕೊಕ್ಕೆಗಳಿಂದ ಯಾವುದಾದರೊಂದು ಸ್ಥಿರ ವಸ್ತುವಿಗೆ ಸಿಕ್ಕಿಸುವ ಪಟ್ಟಿ. ಮೋಟಾರು ಕಾರು ರಸ್ತೆಗೇ ಬಂದಿರದ ಕಾಲದ ಅದನ್ನು ಸೀಟ್ ಬೆಲ್ಟ್ ಎನ್ನುವುದು ನನಗೆ ಸರಿತೋರದು. ಹ್ಯೂ ಡಿಹೇವನ್‌ನ ಹಕ್ಕು ಹೆಚ್ಚು ಗಟ್ಟಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕೆನಡಾದಲ್ಲಿ ವಿಮಾನ ತರಬೇತಿ ಪಡೆಯುತ್ತಿದ್ದಾಗ ಅಪಘಾತಕ್ಕೆ ಸಿಕ್ಕಿ ಬದುಕುಳಿದ ಈತ, ತಾನೇಕೆ ಉಳಿದೆ ಎಂಬ ಪ್ರಶ್ನೆಯನ್ನು ಬಾಳಿಡೀ ಬೆನ್ನಟ್ಟಿದ. ಎತ್ತರದ ಕಟ್ಟಡಗಳಿಂದ ಬಿದ್ದೂ ಸಾಯದವರ ಪ್ರಕರಣಗಳನ್ನು ಕಲೆಹಾಕಿ 1942ರಲ್ಲಿ ಪ್ರಬಂಧ ಬರೆದ. ಬೀಳುವ ದೇಹವನ್ನು ಒಂದೇ ಕಡೆ ಹೊಡೆಯದೆ, ಬಲವನ್ನು ಹರಡಿ, ನಿಲ್ಲುವ ದೂರವನ್ನು ಕೊಂಚ ಹಿಗ್ಗಿಸಿದರೆ ಜೀವ ಉಳಿಯುತ್ತದೆ ಎಂದು ತೋರಿಸಿದ. ಕಾರು ಅಪಘಾತದ ಗಾಯಗಳ ಅಧ್ಯಯನಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ತಳಪಾಯ ಹಾಕಿದವನೂ ಇವನೇ. ರಾಜರ್ ಗ್ರಿಸ್ವೋಲ್ಡ್ ಜೊತೆ ಸೇರಿ ಇವನು ಅರ್ಜಿ ಹಾಕಿದ ಮೂರು ಬಿಂದುಗಳ ಪಟ್ಟಿಗೆ 1955ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದರ ಕೊರತೆ ಒಂದೇ: ಬಕಲ್ ಹೊಟ್ಟೆಯ ನಡುಮಧ್ಯ ಬರುತ್ತಿತ್ತು. ಡಿಕ್ಕಿಯಾದಾಗ ಗಟ್ಟಿ ಲೋಹ ಮೆತ್ತನೆಯ ಹೊಟ್ಟೆಗೆ ಒತ್ತಿಕೊಳ್ಳುವ ಅಪಾಯವಿತ್ತು.

ಅಮೆರಿಕದ ಕಾರು ಕಂಪನಿಗಳಿಗಂತೂ ಈ ವಿಷಯವೇ ಬೇಡವಾಗಿತ್ತು. ನ್ಯಾಶ್ ಕಂಪನಿ 1949ರಲ್ಲಿ ಸೊಂಟದ ಪಟ್ಟಿ ಕೊಟ್ಟು ನೋಡಿತು. ಕೊಂಡವರಲ್ಲಿ ಅನೇಕರು ಅದನ್ನು ಬಿಚ್ಚಿಸಿ ಹಾಕಿದರು. ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದ ರಾಬರ್ಟ್ ಮೆಕ್‌ನಮಾರ ಆಗ ಫೋರ್ಡ್ ಕಂಪನಿಯಲ್ಲಿದ್ದರು. ಅವರ ಒತ್ತಾಸೆಯಿಂದ 1956ರ ಫೋರ್ಡ್ ಕಾರುಗಳಲ್ಲಿ ಬೇಕಾದವರಿಗೆ ಬೆಲ್ಟ್ ಮತ್ತು ಮೆತ್ತೆಯಿಟ್ಟ ಡ್ಯಾಶ್‌ಬೋರ್ಡ್ ಸಿಗುವಂತಾಯಿತು, ಸುರಕ್ಷತೆಯನ್ನೇ ಮುಂದಿಟ್ಟು ಜಾಹೀರಾತೂ ಬಂತು. ಆ ವರ್ಷ ಮಾರಾಟದಲ್ಲಿ ಶೆವರ್ಲೆ ಮುಂದೆ ಹೋಯಿತು. ಅದಕ್ಕೆ ಬೆಲ್ಟಿನ ಜಾಹೀರಾತೇ ಕಾರಣವೋ, ಶೆವರ್ಲೆಯ ಹೊಸ ಎಂಜಿನ್ ಮತ್ತು ರೂಪ ಕಾರಣವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕಾರು ಕಂಪನಿಗಳ ತವರಾದ ಡೆಟ್ರಾಯಿಟ್ ಮಾತ್ರ ತನಗೆ ಬೇಕಾದ ಪಾಠವನ್ನೇ ಕಲಿಯಿತು. ಸುರಕ್ಷತೆ ಮಾರಾಟವಾಗದು, ಅದರ ಮಾತೆತ್ತಿದರೆ ಗಿರಾಕಿಗೆ ಸಾವಿನ ನೆನಪಾಗುತ್ತದೆ ಎಂಬ ನಂಬಿಕೆ ಮುಂದಿನ ಹತ್ತು ವರ್ಷ ಆ ಉದ್ಯಮವನ್ನು ಆಳಿತು. ಆ ಹತ್ತು ವರ್ಷಗಳಲ್ಲಿ ಅಮೆರಿಕದ ರಸ್ತೆಗಳಲ್ಲಿ ಲಕ್ಷಗಟ್ಟಲೆ ಜನ ಸತ್ತರು.

ಸ್ವೀಡನ್ ಬೇರೆ ದಾರಿ ಹಿಡಿಯಿತು. ವ್ಯಾಟನ್‌ಫಾಲ್‌ನ ಕೆಲಸವನ್ನು ವೋಲ್ವೋ ಗಮನಿಸುತ್ತಲೇ ಇತ್ತು. ಆದರೆ ಓರೆಪಟ್ಟಿಯಲ್ಲೂ ದೋಷವಿತ್ತು. ಬಕಲ್ ಪಕ್ಕೆಲುಬಿನ ಬಳಿ ಕೂತು ಒಳಗಿನ ಅಂಗಗಳಿಗೆ ಪೆಟ್ಟು ಕೊಡುತ್ತಿತ್ತು, ಸೊಂಟಕ್ಕೆ ಹಿಡಿತ ಸಾಲದೆ ದೇಹ ಪಟ್ಟಿಯಡಿ ಜಾರುತ್ತಿತ್ತು. 1956ರಲ್ಲಿ ವೋಲ್ವೋದ ಮುಖ್ಯಸ್ಥರಾದ ಗುನ್ನಾರ್ ಎಂಗೆಲ್ಲಾವ್ ಇದಕ್ಕೆ ಪರಿಹಾರ ಹುಡುಕಲು 1958ರಲ್ಲಿ ಸಾಬ್ ವಿಮಾನ ಕಂಪನಿಯಿಂದ ಒಬ್ಬ ಎಂಜಿನಿಯರನ್ನು ಕರೆತಂದರು. ಅವರ ಹೆಸರು ನಿಲ್ಸ್ ಬೊಹ್ಲಿನ್. ಹುಟ್ಟಿದ್ದು 1920ರಲ್ಲಿ, ಹರ್ನೋಸಾಂಡ್ ಎಂಬ ಊರಿನಲ್ಲಿ.

ಬೊಹ್ಲಿನ್ ಸಾಬ್‌ನಲ್ಲಿ ಮಾಡುತ್ತಿದ್ದ ಕೆಲಸ ಯುದ್ಧವಿಮಾನಗಳ ಎಜೆಕ್ಷನ್ ಸೀಟಿನದು. ಅಪಾಯ ಬಂದಾಗ ಪೈಲಟ್‌ನನ್ನು ಸೀಟಿನ ಸಮೇತ ವಿಮಾನದಿಂದ ಮೇಲಕ್ಕೆ ಹಾರಿಸುವ ವ್ಯವಸ್ಥೆ ಅದು. ಸಾವು ಎದುರಿಗಿರುವ ಪೈಲಟ್‌ಗೆ ನಾಲ್ಕು ಪಟ್ಟಿ ಬಿಗಿದರೂ ಅವನು ಗೊಣಗುವುದಿಲ್ಲ. ಕಾರಿನವರು ಹಾಗಲ್ಲ, ಒಂದು ನಿಮಿಷದ ಕಿರಿಕಿರಿಯನ್ನೂ ಸಹಿಸರು ಎಂಬುದನ್ನು ಬೊಹ್ಲಿನ್ ಮೊದಲೇ ಅರಿತಿದ್ದರು. ಹೀಗಾಗಿ ಎರಡು ನಿಯಮ ಇಟ್ಟುಕೊಂಡು ಹೊರಟರು. ಪಟ್ಟಿ ದೇಹದ ಗಟ್ಟಿ ಎಲುಬುಗಳ ಮೇಲೆ, ಅಂದರೆ ಎದೆಗೂಡು ಮತ್ತು ಸೊಂಟದ ಮೂಳೆಯ ಮೇಲೆ ಕೂರಬೇಕು. ಅದನ್ನು ಒಂದೇ ಕೈಯಲ್ಲಿ ಹಾಕಿ ಬಿಚ್ಚುವಂತಿರಬೇಕು. ಕೆಲವೇ ತಿಂಗಳಲ್ಲಿ ಉತ್ತರ ಸಿಕ್ಕಿತು. ಎದೆಯ ಮೇಲೊಂದು, ತೊಡೆಯ ಬುಡದಲ್ಲೊಂದು, ಎರಡೂ ಸೊಂಟದ ಪಕ್ಕದಲ್ಲಿ ಕೆಳಗೆ ಒಂದೇ ಬಿಂದುವಿನಲ್ಲಿ ಸೇರುವ ಪಟ್ಟಿ. ಎಳೆತ ಬಿದ್ದಾಗ ಅದು ಸರಿದಾಡುವುದಿಲ್ಲ, ಬಕಲ್ ಹೊಟ್ಟೆಯ ಮೇಲೆ ಬರುವುದಿಲ್ಲ. 1959ರ ಆಗಸ್ಟ್ 13ರಂದು ದಕ್ಷಿಣ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಪಟ್ಟಣದ ವ್ಯಾಪಾರಿಗೆ ಈ ಬೆಲ್ಟ್ ಅಳವಡಿಸಿದ ಮೊದಲ ವೋಲ್ವೋ ಕಾರು ತಲುಪಿತು. 1962ರ ಜುಲೈನಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ವೋಲ್ವೋ ಅದನ್ನು ಬೀಗ ಹಾಕಿಟ್ಟುಕೊಳ್ಳಲಿಲ್ಲ, ಯಾವ ಕಂಪನಿ ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಕೈಗಾರಿಕೆಯ ಇತಿಹಾಸದಲ್ಲಿ ಇದರಷ್ಟು ದೊಡ್ಡ ಮನಸ್ಸಿನ ನಿರ್ಧಾರಗಳು ಬೆರಳೆಣಿಕೆಯಷ್ಟು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬೆಲ್ಟ್ ಸಿದ್ಧವಾಗಿತ್ತು, ಅದರ ವಿನ್ಯಾಸ ಎಲ್ಲರಿಗೂ ತೆರೆದಿತ್ತು. ಆದರೆ ಜನ ಹಾಕಲಿಲ್ಲ. ಮುಂದಿನ ಕಥೆಯೆಲ್ಲ ಈ ಒಂದು ಮೊಂಡುತನದ ಸುತ್ತ ನಡೆದದ್ದು.

ಬೆಲ್ಟಿನ ಪ್ರಯೋಜನಕ್ಕೆ ಪುರಾವೆ ಕೇಳುತ್ತಿದ್ದವರಿಗೆ ಬೊಹ್ಲಿನ್ 1967ರಲ್ಲಿ ಉತ್ತರ ಕೊಟ್ಟರು. ಸ್ವೀಡನ್ನಿನಲ್ಲಿ ವೋಲ್ವೋ ಕಾರುಗಳು ಸಿಕ್ಕಿಬಿದ್ದ 28,000 ಅಪಘಾತಗಳ ಅಧ್ಯಯನ ಅದು. ಬೆಲ್ಟ್ ಹಾಕಿದ್ದವರಲ್ಲಿ ಗಂಟೆಗೆ ಸುಮಾರು 95 ಕಿಲೋಮೀಟರಿಗಿಂತ ಕಡಿಮೆ ವೇಗದ ಅಪಘಾತಗಳಲ್ಲಿ ಒಬ್ಬರೂ ಸತ್ತಿರಲಿಲ್ಲ. ಬೆಲ್ಟ್ ಹಾಕದವರು ಗಂಟೆಗೆ 20 ಕಿಲೋಮೀಟರ್ ವೇಗದಲ್ಲೂ ಸತ್ತಿದ್ದರು. 20 ಕಿಲೋಮೀಟರ್ ಎಂದರೆ ನಮ್ಮ ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನ ವೇಗ. ಊರೊಳಗೇ ತಾನೇ, ಇಲ್ಲೇ ಹತ್ತಿರ ತಾನೇ ಎಂದು ಬೆಲ್ಟ್ ಬಿಡುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಇದರ ಹಿಂದಿನ ಭೌತಶಾಸ್ತ್ರ ಶಾಲೆಯಲ್ಲಿ ಕಲಿತದ್ದೇ. ಕಾರು 50 ಕಿಲೋಮೀಟರ್ ವೇಗದಲ್ಲಿದ್ದರೆ ಅದರೊಳಗೆ ಕೂತವರೂ ಅದೇ ವೇಗದಲ್ಲಿದ್ದಾರೆ. ಗೋಡೆಗೆ ಬಡಿದ ಕಾರು ಮೂಗು ನಜ್ಜುಗುಜ್ಜಾಗುತ್ತ ನಿಂತಮೇಲೂ, ಬೆಲ್ಟ್ ಇಲ್ಲದ ದೇಹ ಅದೇ ವೇಗದಲ್ಲಿ ಮುಂದೆ ಹೋಗಿ ಸ್ಟೀರಿಂಗಿಗೋ ಮುಂಗಾಜಿಗೋ ಬಡಿಯುತ್ತದೆ. ಆ ಹೊಡೆತ ಸುಮಾರು ಹತ್ತು ಮೀಟರ್ ಎತ್ತರದಿಂದ, ಎಂದರೆ ಮೂರನೇ ಅಂತಸ್ತಿನಿಂದ ನೆಲಕ್ಕೆ ಬಿದ್ದಂತೆ. ಬೆಲ್ಟ್ ಮಾಡುವುದಿಷ್ಟೇ: ಕಾರಿನ ಮೂಗು ಕುಸಿಯುವಾಗಲೇ ದೇಹವನ್ನೂ ಅದರ ಜೊತೆ ನಿಧಾನಿಸುತ್ತದೆ, ಬಲವನ್ನು ಗಟ್ಟಿ ಎಲುಬುಗಳಿಗೆ ಹಂಚುತ್ತದೆ. ಕಟ್ಟಡದಿಂದ ಬಿದ್ದು ಬದುಕಿದವರ ಕಥೆಗಳಲ್ಲಿ ಡಿಹೇವನ್ ಕಂಡುಕೊಂಡ ಸೂತ್ರವೇ ಇದು.

ಅಮೆರಿಕದಲ್ಲಿ ಗಾಳಿ ಬದಲಿಸಿದವರು ರಾಲ್ಫ್ ನೇಡರ್ ಎಂಬ ಯುವ ವಕೀಲ. 1965ರ ನವೆಂಬರಿನಲ್ಲಿ ಬಂದ ಅವರ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕ, ಅಪಘಾತಕ್ಕೆ ಚಾಲಕನೊಬ್ಬನೇ ಹೊಣೆ ಎನ್ನುತ್ತಿದ್ದ ಕಂಪನಿಗಳ ವಾದವನ್ನು ಬುಡಮೇಲು ಮಾಡಿತು. ಜನರಲ್ ಮೋಟಾರ್ಸ್ ಕಂಪನಿ ನೇಡರ್ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿದ್ದು ಬಯಲಾಗಿ, 1966ರ ಮಾರ್ಚಿನಲ್ಲಿ ಅದರ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಆ ಹಗರಣವಿಲ್ಲದಿದ್ದರೆ ಕಾನೂನು ಅಷ್ಟು ಬೇಗ ಬರುತ್ತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾನೂನಿಗೆ ಸಹಿ ಹಾಕಿದರು. 1968ರಿಂದ ಅಮೆರಿಕದ ಹೊಸ ಕಾರುಗಳಲ್ಲೆಲ್ಲ ಬೆಲ್ಟ್ ಇರಲೇಬೇಕೆಂಬ ನಿಯಮ ಜಾರಿಯಾಯಿತು.

ಕಾನೂನು ಹೇಳಿದ್ದು ಬೆಲ್ಟ್ ಇರಬೇಕೆಂದು. ಹಾಕಬೇಕೆಂದು ಹೇಳಲಿಲ್ಲ. ಹಾಕಿಸುವ ಹೊಣೆಯನ್ನು ಯಂತ್ರಕ್ಕೇ ವಹಿಸೋಣವೆಂದು 1974ರ ಮಾಡೆಲ್ ಕಾರುಗಳಲ್ಲಿ ಒಂದು ಏರ್ಪಾಡು ಮಾಡಿದರು: ಮುಂದೆ ಕೂತವರು ಬೆಲ್ಟ್ ಹಾಕದಿದ್ದರೆ ಕಾರು ಸ್ಟಾರ್ಟ್ ಆಗುವುದೇ ಇಲ್ಲ. ಜನ ರೊಚ್ಚಿಗೆದ್ದರು. ಸೀಟಿನ ಮೇಲೆ ದಿನಸಿ ಚೀಲವಿಟ್ಟರೂ ಕಾರು ಹಟ ಹಿಡಿಯುತ್ತಿತ್ತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ದೂರುಗಳ ಸುರಿಮಳೆಯಾಯಿತು. 1974ರ ಅಕ್ಟೋಬರಿನಲ್ಲಿ ಆ ಏರ್ಪಾಡನ್ನು ಕಾನೂನಿನಿಂದಲೇ ನಿಷೇಧಿಸಿದರು. ಎಚ್ಚರಿಕೆಯ ಗಂಟೆಯೂ ಎಂಟು ಸೆಕೆಂಡಿಗಿಂತ ಹೆಚ್ಚು ಬಾರಿಸಕೂಡದೆಂದು ಮಿತಿ ಹಾಕಿದರು. ಪರಿಣಾಮ ಇಷ್ಟು: ಬೆಲ್ಟ್ ಕಡ್ಡಾಯವಾಗಿ ಅಳವಡಿಸಿ ಹದಿನೈದು ವರ್ಷ ಕಳೆದ ಮೇಲೂ, 1980ರ ದಶಕದ ಆರಂಭದಲ್ಲಿ, ಬೆಲ್ಟ್ ಹಾಕುತ್ತಿದ್ದ ಅಮೆರಿಕನ್ನರು ನೂರಕ್ಕೆ ಹದಿನಾಲ್ಕು ಮಂದಿಯಷ್ಟೇ.

ತಿರುವು ಬಂದದ್ದು ಭೂಮಿಯ ಇನ್ನೊಂದು ತುದಿಯಲ್ಲಿ. ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದ ರಸ್ತೆಗಳಲ್ಲಿ 1969ರಲ್ಲಿ 1,034 ಜನ ಸತ್ತರು. ದೊಡ್ಡ ರಾಜ್ಯವೇನಲ್ಲ, ಆಗ ಅದರ ಜನಸಂಖ್ಯೆ ಮೂವತ್ತೈದು ಲಕ್ಷದ ಆಸುಪಾಸು. ಆಸ್ಪತ್ರೆಗಳಲ್ಲಿ ಒಡೆದ ತಲೆ, ಮುರಿದ ಎದೆಗೂಡುಗಳನ್ನು ಹೊಲಿದು ಹೊಲಿದು ಸಾಕಾಗಿದ್ದ ಶಸ್ತ್ರವೈದ್ಯರು ಮೊದಲು ಬಾಯಿ ಬಿಟ್ಟರು. ರಾಯಲ್ ಆಸ್ಟ್ರಲೇಷಿಯನ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆ ರಸ್ತೆ ಗಾಯಗಳ ಬಗ್ಗೆ ಪ್ರತ್ಯೇಕ ಸಮಿತಿಯನ್ನೇ ರಚಿಸಿತು, ಗಾರ್ಡನ್ ಟ್ರಿಂಕಾ ಅದರ ಮುಂದಾಳು. ಮೆಲ್ಬರ್ನ್‌ನ ‘ದಿ ಸನ್’ ಪತ್ರಿಕೆ, ಸಂಪಾದಕ ಹ್ಯಾರಿ ಗಾರ್ಡನ್ ನೇತೃತ್ವದಲ್ಲಿ, 1970ರ ಕೊನೆಯಲ್ಲಿ 1,034ರ ವಿರುದ್ಧ ಯುದ್ಧ ಸಾರಿತು. ಸತ್ತವರ ಸಂಖ್ಯೆಯನ್ನೇ ಪತ್ರಿಕೆ ತನ್ನ ಘೋಷಣೆ ಮಾಡಿಕೊಂಡಿತು. ಪತ್ರಿಕೋದ್ಯಮ ಏನು ಮಾಡಬಲ್ಲದು ಎಂಬುದಕ್ಕೆ ನಾನು ಈ ಅಭಿಯಾನವನ್ನು ಮೇಲಿನ ಸಾಲಿನಲ್ಲಿಡುತ್ತೇನೆ.

ಪ್ರೀಮಿಯರ್ ಹೆನ್ರಿ ಬೋಲ್ಟೆಯವರ ಸರ್ಕಾರ ಮಣಿಯಿತು. 1970ರ ಡಿಸೆಂಬರ್ 22ರಂದು, ಕ್ರಿಸ್‌ಮಸ್ ರಜೆಯ ಓಡಾಟ ಶುರುವಾಗುವ ಹೊಸ್ತಿಲಲ್ಲಿ, ಬೆಲ್ಟ್ ಅಳವಡಿಸಿದ ಸೀಟಿನಲ್ಲಿ ಕೂತವರು ಅದನ್ನು ಹಾಕಲೇಬೇಕು ಎಂಬ ಕಾನೂನು ವಿಕ್ಟೋರಿಯದಲ್ಲಿ ಜಾರಿಗೆ ಬಂತು. ಜಗತ್ತಿನಲ್ಲಿ ಇದೇ ಮೊದಲು. ಆ ವರ್ಷ ಸತ್ತವರು 1,061. ಮರುವರ್ಷ 923. ಕಾರುಗಳ ಸಂಖ್ಯೆ ಏರುತ್ತಿದ್ದಾಗಲೂ ಸಾವು ಇಳಿದದ್ದು ಎಲ್ಲರ ಕಣ್ಣು ತೆರೆಸಿತು. 1972ರ ಹೊತ್ತಿಗೆ ಆಸ್ಟ್ರೇಲಿಯಾದ ಉಳಿದ ರಾಜ್ಯಗಳೂ ನ್ಯೂಜಿಲೆಂಡೂ ಇದೇ ದಾರಿಗೆ ಬಂದವು. 1973ರಲ್ಲಿ ಫ್ರಾನ್ಸ್. ಬೆಲ್ಟಿನ ತವರಾದ ಸ್ವೀಡನ್ ಕೂಡ ಹಾಕುವುದನ್ನು ಕಡ್ಡಾಯ ಮಾಡಿದ್ದು 1975ರಲ್ಲಿ.

ಎಲ್ಲರೂ ಒಪ್ಪಿದರೆಂದಲ್ಲ. ವಿರೋಧ ಎರಡು ದಿಕ್ಕಿನಿಂದ ಬಂತು. ಒಂದು ಸ್ವಾತಂತ್ರ್ಯದ ವಾದ: ನನ್ನ ಜೀವ ನನ್ನದು, ನನ್ನ ಕಾರಿನೊಳಗೆ ಸರ್ಕಾರಕ್ಕೇನು ಕೆಲಸ? ಬ್ರಿಟನ್ ಸಂಸತ್ತಿನಲ್ಲಿ ಈ ವಾದದ ಬಲದಿಂದ 1970ರ ದಶಕವಿಡೀ ಮಸೂದೆಗಳು ಒಂದಾದಮೇಲೊಂದು ಬಿದ್ದುಹೋದವು. ಇನ್ನೊಂದು ವಿದ್ವಾಂಸರ ವಾದ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ, ಲಂಡನ್ನಿನ ಭೂಗೋಳ ಪ್ರಾಧ್ಯಾಪಕ ಜಾನ್ ಆ್ಯಡಮ್ಸ್ 1980ರ ದಶಕದ ಆರಂಭದಲ್ಲಿ ಎತ್ತಿದ ಪ್ರಶ್ನೆ ಇದು: ತಾನು ಸುರಕ್ಷಿತ ಎಂಬ ಭಾವ ಬಂದ ಚಾಲಕ ಇನ್ನಷ್ಟು ಜೋರಾಗಿ ಓಡಿಸುವುದಿಲ್ಲವೇ? ಅವನು ಉಳಿದು, ಹಾದಿಹೋಕರೂ ಸೈಕಲ್ಲಿನವರೂ ಸಾಯುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಬ್ರಿಟನ್ 1983ರ ಜನವರಿ 31ರಂದು ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯ ಮಾಡಿದಾಗ ಅದನ್ನು ಮೂರು ವರ್ಷದ ಪ್ರಯೋಗವೆಂದೇ ಕರೆದದ್ದು ಈ ಕಾರಣಕ್ಕೆ. ಅಲ್ಲಿಯತನಕ ನೂರಕ್ಕೆ ನಲವತ್ತರ ಆಸುಪಾಸಿನಲ್ಲಿದ್ದ ಬೆಲ್ಟ್ ಬಳಕೆ ವಾರಗಳಲ್ಲೇ ತೊಂಬತ್ತು ದಾಟಿತು. ಸರ್ಕಾರದ ಕೋರಿಕೆಯಂತೆ ಹಾರ್ವೆ ಮತ್ತು ಡರ್ಬಿನ್ ಎಂಬ ಸಂಖ್ಯಾಶಾಸ್ತ್ರಜ್ಞರು ಅಂಕಿ ಅಂಶಗಳನ್ನು ಜಾಲಾಡಿದರು. ಸಾವು ಮತ್ತು ಗಂಭೀರ ಗಾಯಗಳು ಕಾರು ಚಾಲಕರಲ್ಲಿ ಕಾಲುಭಾಗದಷ್ಟು, ಪಕ್ಕದಲ್ಲಿ ಕೂತವರಲ್ಲಿ ಅದಕ್ಕೂ ಹೆಚ್ಚು ಇಳಿದಿದ್ದವು. ಹಾದಿಹೋಕರ, ಸೈಕಲ್ ಸವಾರರ, ಹಿಂದಿನ ಸೀಟಿನವರ ಸಾವಿನ ಸಂಖ್ಯೆಗಳಲ್ಲಿ ಕಂಡ ಏರಿಕೆಯನ್ನು ಆ್ಯಡಮ್ಸ್ ಬೆಂಬಲಿಗರು ಇಂದಿಗೂ ಎತ್ತಿ ತೋರಿಸುತ್ತಾರೆ. ಸಂಸತ್ತು ಉಳಿದ ಜೀವಗಳ ಲೆಕ್ಕವನ್ನು ನೋಡಿ 1986ರಲ್ಲಿ ಕಾನೂನನ್ನು ಕಾಯಂ ಮಾಡಿತು. ನನಗೂ ಅದೇ ಸರಿ ಎನಿಸುತ್ತದೆ. ವೇಗಕ್ಕೆ ವೇಗಮಿತಿಯೇ ಮದ್ದು, ಚಾಲಕನನ್ನು ಅಪಾಯದಲ್ಲಿ ಬಿಡುವುದು ಮದ್ದಲ್ಲ.

ಅಮೆರಿಕದಲ್ಲಿ ಮೊದಲು ಕಡ್ಡಾಯ ಮಾಡಿದ್ದು ನ್ಯೂಯಾರ್ಕ್ ರಾಜ್ಯ, 1984ರಲ್ಲಿ. ನೂರಕ್ಕೆ ಹದಿನಾಲ್ಕಿದ್ದ ಬಳಕೆ ಇಂದು ತೊಂಬತ್ತಕ್ಕೆ ಏರಿದೆ. 2017ರ ಒಂದೇ ವರ್ಷದಲ್ಲಿ ಬೆಲ್ಟಿನಿಂದ ಉಳಿದ ಜೀವಗಳು 14,955 ಎಂಬುದು ಅಲ್ಲಿನ ಸಂಚಾರ ಸುರಕ್ಷತಾ ಸಂಸ್ಥೆಯ ಅಂದಾಜು. ನಿಲ್ಸ್ ಬೊಹ್ಲಿನ್ 2002ರಲ್ಲಿ ತೀರಿಕೊಂಡರು.

ಭಾರತದಲ್ಲಿ ಈ ಕಥೆ ತಡವಾಗಿ ಶುರುವಾಯಿತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಾರೆಂದರೆ ಮುಂದೆ ಮೂವರು, ಹಿಂದೆ ಐವರು ಒತ್ತಿ ಕೂರುವ ವಾಹನ. ಕನ್ನಡಿಗರು ಮರೆಯದ ದಿನ 1990ರ ಸೆಪ್ಟೆಂಬರ್ 30. ಅಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ನಟ, ನಿರ್ದೇಶಕ ಶಂಕರ್‌ನಾಗ್ ಹೋದರು, ವಯಸ್ಸು ಮೂವತ್ತೈದು. ಬೆಲ್ಟ್ ಇದ್ದಿದ್ದರೆ ಉಳಿಯುತ್ತಿದ್ದರೇ ಎಂದು ಯಾರೂ ಹೇಳಲಾರರು, ಹೇಳಲೂ ಬಾರದು. ಆದರೆ ಕಾರಿನಲ್ಲಿ ಬೆಲ್ಟ್ ಇರಲೇಬೇಕೆಂದು ಹೇಳುವ ನಿಯಮ ಆ ದಿನ ನಮ್ಮ ದೇಶದಲ್ಲಿ ಇರಲಿಲ್ಲ ಎಂಬುದು ದಾಖಲೆಯ ಮಾತು. ವಿಕ್ಟೋರಿಯದ ಕಾನೂನಿಗೆ ಆಗಲೇ ಇಪ್ಪತ್ತು ವರ್ಷ ತುಂಬುತ್ತಿತ್ತು.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 1993ರಲ್ಲಿ ತಿದ್ದುಪಡಿ ತಂದು, ಮರುವರ್ಷದಿಂದ ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯ ಮಾಡಿದರು. ಆಮೇಲೆ ಹಿಂದಿನ ಸೀಟಿಗೂ ಬೆಲ್ಟ್ ಬಂತು. ಹಿಂದೆ ಮುಖ ಮುಂದಾಗಿ ಕೂತವರೂ ಬೆಲ್ಟ್ ಹಾಕಬೇಕು ಎಂದು 138ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ನಿಯಮ ಪುಸ್ತಕದಲ್ಲಿತ್ತು, ದಂಡ ನೂರು ರೂಪಾಯಿ, ಹಿಂದಿನ ಸೀಟಿನ ಬಕಲ್ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿತ್ತು.

2014ರ ಜೂನ್ 3ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವ ಗೋಪಿನಾಥ್ ಮುಂಡೆ ದೆಹಲಿಯಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದಾಗ ಅವರ ಕಾರಿಗೆ ಇನ್ನೊಂದು ಕಾರು ಬಡಿಯಿತು. ಮಂತ್ರಿಯಾಗಿ ಎರಡು ವಾರವೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದರು, ಬೆಲ್ಟ್ ಹಾಕಿರಲಿಲ್ಲ, ಉಳಿಯಲಿಲ್ಲ. ಬೆಲ್ಟ್ ಹಾಕಿದ್ದರೆ ಬದುಕುತ್ತಿದ್ದರು ಎಂದು ಸ್ವತಃ ವೈದ್ಯರೂ ಆಗಿದ್ದ ಆರೋಗ್ಯ ಸಚಿವ ಹರ್ಷವರ್ಧನ್ ಬಹಿರಂಗವಾಗಿಯೇ ಹೇಳಿದರು. ಕೆಲವು ದಿನ ಚರ್ಚೆಯಾಯಿತು, ಮತ್ತೆ ತಣ್ಣಗಾಯಿತು. ಎಂಟು ವರ್ಷದ ನಂತರ, 2022ರ ಸೆಪ್ಟೆಂಬರ್ 4ರಂದು, ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅಹಮದಾಬಾದ್ ಕಡೆಯಿಂದ ಮುಂಬೈಗೆ ಬರುತ್ತಿದ್ದ ಕಾರು ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯಲ್ಲಿ ತಡೆಗೋಡೆಗೆ ಬಡಿಯಿತು. ಬೆಲೆಬಾಳುವ ಮರ್ಸಿಡಿಸ್ ಕಾರು. ಮುಂದೆ ಕೂತಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ಹಿಂದೆ ಕೂತಿದ್ದ ಮಿಸ್ತ್ರಿ ಮತ್ತು ಅವರ ಗೆಳೆಯ ಇಬ್ಬರೂ ಸತ್ತರು. ಹಿಂದಿದ್ದವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದರು.

ಹಿಂದಿನ ಸೀಟು ಸುರಕ್ಷಿತ, ಮುಂದಿನವರ ಬೆನ್ನೇ ರಕ್ಷೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಜಪಾನಿನ ಸಂಶೋಧಕರು 2002ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡುತ್ತದೆ. ಹಿಂದಿನವರು ಬೆಲ್ಟ್ ಹಾಕಿರದಿದ್ದರೆ, ಮುಂದೆ ಬೆಲ್ಟ್ ಹಾಕಿ ಕೂತವರು ಸಾಯುವ ಅಪಾಯ ಸುಮಾರು ಐದು ಪಟ್ಟು ಹೆಚ್ಚುತ್ತದೆ. ಹಿಂದಿನಿಂದ ಹಾರಿ ಬರುವ ದೇಹ ಮುಂದಿನವರನ್ನೂ ಕೊಲ್ಲುತ್ತದೆ. ನನ್ನ ಜೀವ ನನ್ನಿಷ್ಟ ಎಂಬ ಹಳೆಯ ಬ್ರಿಟಿಷ್ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಮಡಿಲಲ್ಲಿ ಮಗುವನ್ನು ಕೂರಿಸಿಕೊಳ್ಳುವವರೂ ಒಂದು ಲೆಕ್ಕ ನೆನಪಿಡಬೇಕು: 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹತ್ತು ಕಿಲೋ ತೂಕದ ಮಗುವನ್ನು ಹಿಡಿದಿಡಲು ನೂರನಲವತ್ತು ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಆಗದು.

2019ರ ಸೆಪ್ಟೆಂಬರಿನಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ದಂಡವನ್ನು 1,000 ರೂಪಾಯಿಗೆ ಏರಿಸಿತು. ಜನರ ಸಿಟ್ಟಿಗೆ ಹೆದರಿ ಕರ್ನಾಟಕ ಸರ್ಕಾರ ಅದೇ ತಿಂಗಳು ಅದನ್ನು 500ಕ್ಕೆ ಇಳಿಸಿತು. ಅದು ತಪ್ಪು ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ. ಮಿಸ್ತ್ರಿ ಸಾವಿನ ನಂತರ, 2022ರ ಅಕ್ಟೋಬರಿನಲ್ಲಿ, ಕಾರಿನಲ್ಲಿರುವ ಎಲ್ಲರೂ ಬೆಲ್ಟ್ ಹಾಕಬೇಕು, ತಪ್ಪಿದರೆ 1,000 ರೂಪಾಯಿ ಎಂದು ರಾಜ್ಯದ ಪೊಲೀಸರು ಆದೇಶ ಹೊರಡಿಸಿದರು. ಬೆಂಗಳೂರಿನ ಸಿಗ್ನಲ್ಲುಗಳ ಕ್ಯಾಮೆರಾಗಳು ಈಗ ಬೆಲ್ಟ್ ಹಾಕದವರನ್ನೂ ಗುರುತಿಸುತ್ತವೆ. 1974ರ ಅಮೆರಿಕನ್ನರ ಮೊಂಡುತನ ಮಾತ್ರ ನಮ್ಮಲ್ಲಿ ಹೊಸ ರೂಪದಲ್ಲಿದೆ. 2019ರಿಂದ ಹೊಸ ಕಾರುಗಳಲ್ಲಿ ಬರುವ ಎಚ್ಚರಿಕೆಯ ಬೀಪ್ ಸದ್ದನ್ನು ನಿಲ್ಲಿಸಲು, ಬೆಲ್ಟಿನ ಬದಲು ಬಕಲ್‌ಗೆ ಸಿಕ್ಕಿಸುವ ಲೋಹದ ಕ್ಲಿಪ್ಪುಗಳನ್ನು ಮಾರುತ್ತಿದ್ದರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳ ಮೇಲೆ ಕ್ರಮ ಕೈಗೊಂಡು ಇಂಥ 13,118 ಮಾರಾಟ ಪುಟಗಳನ್ನು ತೆಗೆಸಿತು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ವಿಕ್ಟೋರಿಯದ ಒಂದು ಪತ್ರಿಕೆ 1,034ಕ್ಕೆ ಯುದ್ಧ ಸಾರಿತ್ತು. ನಮ್ಮದು ಅದರ ಹದಿನಾರು ಪಟ್ಟು, ಅದೂ ಬೆಲ್ಟ್ ಹಾಕದವರ ಲೆಕ್ಕವಷ್ಟೇ. ಸರ್ಕಾರ ದಂಡವನ್ನು ಮತ್ತೆ ಇಳಿಸದಿರಲಿ, ಹಿಂದಿನ ಸೀಟಿನ ನಿಯಮವನ್ನು ಹೆದ್ದಾರಿಗಳಲ್ಲೂ ಬಿಗಿಯಾಗಿ ಜಾರಿ ಮಾಡಲಿ. ಓದುಗರು ಅಲ್ಲಿಯತನಕ ಕಾಯಬೇಕಿಲ್ಲ. ನಿಮ್ಮ ಕಾರಿನ ಹಿಂದಿನ ಸೀಟಿನ ಕವರ್ ಎತ್ತಿ ಬಕಲ್‌ಗಳನ್ನು ಇವತ್ತೇ ಹೊರಗೆಳೆಯಿರಿ. ಧರ್ಮಸ್ಥಳಕ್ಕೆ ಹೊರಟಿರಲಿ, ಪಕ್ಕದ ಬೀದಿಯ ಮದುವೆಗೆ ಹೊರಟಿರಲಿ, ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಬೆಲ್ಟ್ ಹಾಕಿಕೊಳ್ಳುವವರೆಗೆ ಗೇರ್ ಹಾಕಬೇಡಿ.